ಇಪ್ಪತ್ತಾರರ ಮುಹೂರ್ತ

ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ಗಣಪತಿ ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ಒಂದು ಮನೆ ಕೊಂಡ. ಹೊಸ ಮನೆಯೇನಲ್ಲ, ಹಿಂದಿನವರು ಇಪ್ಪತ್ತೈದು ವರ್ಷ ಬಾಳಿ ಬಿಟ್ಟುಹೋದದ್ದು. ಕಾರ್ಪೆಟ್ಟಿಗೆ ನಾಯಿಯ ವಾಸನೆ ಹತ್ತಿತ್ತು, ಅಡುಗೆಮನೆಯ ಒಂದು ಡ್ರಾಯರ್ ಎಳೆದರೆ ಕೈಗೇ ಬರುತ್ತಿತ್ತು. ಆದರೆ ಬಾಗಿಲು ಪೂರ್ವಕ್ಕಿತ್ತು, ಹಿತ್ತಿಲಲ್ಲಿ ಮಾವಿನ ಮರವಿತ್ತು, ಮೆಟ್ಟಿಲು ಹತ್ತಲಾರದ ತಾಯಿ ಶಿವಮ್ಮನವರಿಗೆ ಕೆಳಗೇ ಒಂದು ಕೋಣೆಯಿತ್ತು. ಡಿಸೆಂಬರ್ ಮೊದಲ ವಾರ ಬೀಗದ ಕೈ ಸಿಕ್ಕ ದಿನವೇ ಗಣಪತಿ ಪ್ರಶಾಂತ ಭಟ್ಟರಿಗೆ ಫೋನ್ ಮಾಡಿದ. ಭಟ್ಟರು ವಾರದ ದಿನಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವ ಸಾಫ್ಟ್‌ವೇರ್ ಕೆಲಸದವರು, ರಜೆಯ ದಿನ ಊರಿನ ಕನ್ನಡಿಗರಿಗೆಲ್ಲ ಪುರೋಹಿತರು.

"ಜನವರಿ ಇಪ್ಪತ್ತಾರು ಗುರುವಾರ, ವಸಂತ ಪಂಚಮಿ. ಇದಕ್ಕಿಂತ ಒಳ್ಳೇ ದಿನ ಸಿಗಲ್ಲ ಗಣಪತಿಯವರೇ. ಆಸ್ಟ್ರೇಲಿಯಾ ಡೇ ಅಂತ ಎಲ್ಲರಿಗೂ ರಜೆ. ಶುಕ್ರವಾರ ಒಂದು ಲೀವ್ ಹಾಕಿದ್ರೆ ನಾಲ್ಕು ದಿನ ಆಯ್ತು."

"ನಮ್ಮ ರಿಪಬ್ಲಿಕ್ ಡೇನೂ ಹೌದಲ್ಲ!"

"ಮೂರು ಹಬ್ಬ ಒಂದೇ ದಿನ ಅಂದ್ಕೊಳ್ಳಿ."

ಆ ಸಂಜೆ ರನ್‌ಕಾರ್ನ್‌ನ ಬಾಡಿಗೆ ಮನೆಯಲ್ಲಿ ಗಣಪತಿಯ ಹೆಂಡತಿ ರುಕ್ಮಿಣಿ ಕರೆಯಬೇಕಾದವರ ಪಟ್ಟಿ ಬರೆಯಲು ಕೂತಳು. ಹದಿನೆಂಟು ವರ್ಷಗಳಲ್ಲಿ ಯಾರ್ಯಾರ ಮನೆಯ ಗೃಹಪ್ರವೇಶ, ಸೀಮಂತ, ನಾಮಕರಣಗಳಲ್ಲಿ ಉಂಡಿದ್ದರೋ ಅವರೆಲ್ಲರ ಹೆಸರೂ ಬಂತು. ನೂರಿಪ್ಪತ್ತು ದಾಟಿತು. ಅಡಿಲೇಡಿನಲ್ಲಿದ್ದ ಗಣಪತಿಯ ತಂಗಿ ಬನಶಂಕರಿ ಅದೇ ರಾತ್ರಿ ವಿಮಾನದ ಟಿಕೆಟ್ ತೆಗೆಸಿದಳು.

"ನಾಲ್ಕು ದಿನ ಇರ್ತೀನಿ ಅತ್ತಿಗೆ. ಹೊಸಿಲು ಪೂಜೆಗೆ ನಾನೇ ರಂಗೋಲಿ ಹಾಕೋದು, ಹೇಳ್ಬಿಟ್ಟಿದೀನಿ."

ಮಗ ಹರ್ಷವರ್ಧನ್‌ಗೆ ಇಪ್ಪತ್ತೆಂಟು. ರೈಲ್ವೆ ಸಿಗ್ನಲ್ಲಿನ ಇಂಜಿನಿಯರ್. ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಒಂದು ಫ್ಲ್ಯಾಟಿನಲ್ಲಿದ್ದ. ಅವನು ಒಂದು ವರ್ಷದಿಂದ ಕೈಲಾ ಎಂಬ ಹುಡುಗಿಯ ಜೊತೆ ಓಡಾಡುತ್ತಿದ್ದಾನೆಂದು ಮನೆಗೆ ಗೊತ್ತಿತ್ತು. ಅವಳು ಎಲೆಕ್ಟ್ರಿಷಿಯನ್ ಎಂದೂ, ಅಬೊರಿಜಿನಲ್ ಜನರವಳೆಂದೂ, ಅಂದರೆ ಬಿಳಿಯರು ಬರುವ ಮೊದಲಿನಿಂದ ಈ ದೇಶದಲ್ಲಿರುವವರ ಪೈಕಿಯೆಂದೂ ಹರ್ಷ ಹೇಳಿದ್ದ. ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ಅವಳನ್ನು ಮೊದಲ ಸಲ ಊಟಕ್ಕೆ ಕರೆತಂದ.

ರುಕ್ಮಿಣಿ ಅನ್ನ, ಕೋಳಿ ಸಾರು, ಪಲ್ಯ ಮಾಡಿದ್ದಳು. ಶಿವಮ್ಮನವರು ಹಟ ಹಿಡಿದು ಮುದ್ದೆಯನ್ನೂ ಮಾಡಿಸಿದ್ದರು.

"ಅತ್ತೆ, ಆ ಹುಡುಗಿಗೆ ಮುದ್ದೆ ಹೇಗೆ ಕೊಡೋದು?"

"ಯಾಕೆ, ಅವಳ್ಗೆ ಬಾಯಿಲ್ವಾ?"

ಕೈಲಾ ತಟ್ಟೆಯಲ್ಲಿನ ಕಪ್ಪು ಉಂಡೆಯನ್ನೂ ಹರ್ಷನ ಮುಖವನ್ನೂ ನೋಡಿದಳು. ಶಿವಮ್ಮನವರು ತಮ್ಮ ತಟ್ಟೆಯಿಂದ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿ ಗುಳುಕ್ಕನೆ ನುಂಗಿ ತೋರಿಸಿದರು. "ಅಗೀಬ್ಯಾಡ ಮಗ. ನುಂಗು."

ಹದಿನೇಳರ ಮಗಳು ತನುಶ್ರೀ ನಗುತ್ತಾ ಇಂಗ್ಲಿಷಿಗೆ ತಂದು ಹೇಳಿದಳು. ಕೈಲಾ ನುಂಗಿದಳು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು, ಮೂರನೆಯದು ಸರಾಗವಾಗಿ ಇಳಿಯಿತು. ಶಿವಮ್ಮನವರು ಮೊಮ್ಮಗನ ಕಡೆ ತಿರುಗಿ, "ಹುಡ್ಗಿ ಮುದ್ದೆ ನುಂಗ್ತು ಕಣ್ಲಾ. ಇನ್ನೇನ್ ನೋಡ್ತೀಯ?" ಎಂದರು.

ಊಟವಾದ ಮೇಲೆ ರುಕ್ಮಿಣಿ ತಟ್ಟೆಯಲ್ಲಿ ಅರಿಶಿನ ಕುಂಕುಮ, ಬಾಳೆಹಣ್ಣು, ಜಾಕೆಟ್ ಬಟ್ಟೆ ಇಟ್ಟು ತಂದಳು. ಕೈಲಾಳ ಹಣೆಗೆ ಕುಂಕುಮವಿಟ್ಟು ಇಂಗ್ಲಿಷಿನಲ್ಲಿ ಕರೆದಳು: "ಜನವರಿ ಇಪ್ಪತ್ತಾರಕ್ಕೆ ನಮ್ಮ ಹೊಸ ಮನೆಯ ಗೃಹಪ್ರವೇಶ. ನೀನು ಬರಬೇಕು. ನಿಮ್ಮ ಅಜ್ಜಿಯನ್ನೂ ಕರೆದುಕೊಂಡು ಬಾ."

ಕೈಲಾ ತಟ್ಟೆ ಹಿಡಿದುಕೊಂಡೇ ಹರ್ಷನನ್ನು ನೋಡಿದಳು. ಹರ್ಷ ತಲೆ ತಗ್ಗಿಸಿದ.

"ಇವನು ನಿಮಗೆ ಹೇಳಿಲ್ಲ ಅಂತ ಕಾಣುತ್ತೆ. ಕ್ಷಮಿಸಿ ಆಂಟಿ. ಬೇರೆ ಯಾವ ದಿನ ಕರೆದರೂ ಬರ್ತೀನಿ, ಬೇಕಾದರೆ ಹಿಂದಿನ ದಿನವೇ ಬಂದು ಕೆಲಸ ಮಾಡ್ತೀನಿ. ಇಪ್ಪತ್ತಾರಕ್ಕೆ ಬರೋಕಾಗಲ್ಲ. ಬ್ರಿಟಿಷರು ಬಂದಿಳಿದು ಬಾವುಟ ನೆಟ್ಟ ದಿನ, ಈ ನೆಲ ನಮ್ಮ ಕೈಬಿಟ್ಟು ಹೋದ ದಿನ ಅದು. ಅವತ್ತು ನಾವು ಹಬ್ಬ ಮಾಡಲ್ಲ. ನ್ಯಾನ್ ಜೊತೆ ಮಸ್‌ಗ್ರೇವ್ ಪಾರ್ಕಿಗೆ ಹೋಗಿ ನಮ್ಮವರ ಜೊತೆ ಕೂತ್ಕೋತೀನಿ." ಅಜ್ಜಿಯನ್ನು ಅವಳು ನ್ಯಾನ್ ಎನ್ನುತ್ತಿದ್ದಳು.

ರುಕ್ಮಿಣಿ, "ಪರವಾಗಿಲ್ಲಮ್ಮ" ಎಂದಳು. ಒಳಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಅವರು ಹೊರಟ ಮೇಲೆ ಗಣಪತಿ ಮಗನಿಗೆ ಫೋನ್ ಮಾಡಿದ. ಹರ್ಷ ಇನ್ನೂ ಕಾರಿನಲ್ಲಿದ್ದ.

"ನಿಮ್ಮಮ್ಮ ಕುಂಕುಮ ಇಟ್ಟು ಕರೆದಿದ್ದಾಳೆ. ಮುಖಕ್ಕೆ ಹೊಡೆದ ಹಾಗೆ ಬರಲ್ಲ ಅಂತಾಳಲ್ಲೋ!"

"ಅಪ್ಪ, ಅವಳು ಸರಿಯಾಗೇ ಹೇಳಿದಳು. ತಪ್ಪು ನಂದು, ನಾನು ಮೊದಲೇ ಹೇಳ್ಬೇಕಿತ್ತು. ಮತ್ತೆ ಇನ್ನೊಂದು ವಿಷಯ. ಅವತ್ತು ಬೆಳಗ್ಗೆ ಅವಳ ಜೊತೆ ಬರ್ತೀನಿ ಅಂತ ನಾನು ಮಾತು ಕೊಟ್ಬಿಟ್ಟಿದೀನಿ."

"ಅಂದ್ರೆ? ಮನೆ ಮಗ ಇಲ್ಲದೆ ಗೃಹಪ್ರವೇಶನಾ?"

"ಮಧ್ಯಾಹ್ನ ಊಟಕ್ಕೆ ಬರ್ತೀನಿ."

"ಊಟಕ್ಕೆ ಬರೋಕೆ ನೂರಿಪ್ಪತ್ತು ಜನ ಇದ್ದಾರೆ. ನೀನು ಬೇಕಾಗಿಲ್ಲ." ಗಣಪತಿ ಫೋನ್ ಇಟ್ಟುಬಿಟ್ಟ.

ಹೊಸ ವರ್ಷ ಬಂತು, ಹೋಯಿತು. ತಂದೆ ಮಗ ಮಾತಾಡಲಿಲ್ಲ. ರುಕ್ಮಿಣಿ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮುಗಿಸಿ ದಿನಾ ಸಂಜೆ ಫಾರೆಸ್ಟ್ ಲೇಕಿಗೆ ಹೋಗಿ ಹೊಸ ಮನೆಯ ಒಂದೊಂದೇ ಕೋಣೆ ತೊಳೆದಳು. ಮಗ ಅವಳಿಗೆ ಮಾತ್ರ ಫೋನ್ ಮಾಡುತ್ತಿದ್ದ. "ಊಟ ಆಯ್ತಾ?" "ಆಯ್ತು." "ಅಪ್ಪ?" "ಇದಾರೆ." ಅಷ್ಟರಲ್ಲೇ ಮುಗಿಯುತ್ತಿತ್ತು.

ಕಾರ್ಪೆಟ್ ಕಿತ್ತಾಯಿತು, ಬಣ್ಣ ಬಳಿದಾಯಿತು. ಫ್ಯಾನುಗಳು ಮಾತ್ರ ಡಬ್ಬದಲ್ಲೇ ಇದ್ದವು. ಬ್ರೆಡ್ ಫ್ಯಾಕ್ಟರಿಯಲ್ಲಿ ಯಂತ್ರ ರಿಪೇರಿ ಮಾಡುವ ಗಣಪತಿ ಮೈಸೂರಿನಲ್ಲಿ ಹದಿನೈದು ವರ್ಷ ವೈರಿಂಗ್ ಮಾಡಿದವನು. ಇಲ್ಲಿ ತನ್ನದೇ ಮನೆಯಲ್ಲಿ ಒಂದು ಫ್ಯಾನ್ ನೇತುಹಾಕಲು ಅವನಿಗೆ ಲೈಸೆನ್ಸ್ ಇರಲಿಲ್ಲ. ಕೇಳಿದ ಎಲೆಕ್ಟ್ರಿಷಿಯನ್‌ಗಳೆಲ್ಲ ಫೆಬ್ರವರಿಗೆ ಬರುತ್ತೇವೆಂದರು.

ಜನವರಿ ಎರಡನೆಯ ಶನಿವಾರ ಬೆಳಗ್ಗೆ ಏಳಕ್ಕೆ ಹೊಸ ಮನೆಯ ಮುಂದೆ ಒಂದು ಬಿಳಿ ವ್ಯಾನು ನಿಂತಿತು. ಕೈಲಾ ಏಣಿ ಇಳಿಸುತ್ತಿದ್ದಳು. ಜೊತೆಯಲ್ಲಿ ಹರ್ಷ ಇರಲಿಲ್ಲ.

"ಆಂಟಿ ಮೆಸೇಜ್ ಮಾಡಿದ್ದರು, ಐದು ಫ್ಯಾನ್ ಅಂತ," ಎಂದಳು.

ಗಣಪತಿ ಹೆಂಡತಿಯ ಕಡೆ ನೋಡಿದ. ರುಕ್ಮಿಣಿ, "ಕಾಫಿ ಮಾಡ್ತೀನಿ" ಎಂದು ಒಳಗೆ ನಡೆದಳು.

ಮೊದಲ ಫ್ಯಾನ್ ಮುಗಿಯುವವರೆಗೆ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಗಣಪತಿ ಏಣಿ ಹಿಡಿದ. ಅವಳು ಕೈ ಚಾಚುವ ಮೊದಲೇ ಬೇಕಾದ ಸ್ಪ್ಯಾನರ್ ಕೊಟ್ಟ. ಎರಡನೆಯ ಫ್ಯಾನಿನ ಹೊತ್ತಿಗೆ ಅವಳು, "ಅಂಕಲ್, ನೀವು ಈ ಕೆಲಸ ಬಲ್ಲವರು" ಎಂದಳು.

"ಬಲ್ಲೆ. ಕಾಗದ ಇಲ್ಲ ಅಷ್ಟೇ."

"ಪರೀಕ್ಷೆ ಕಟ್ಟಬಹುದಲ್ಲ? ನಾನು ಪುಸ್ತಕ ಕೊಡ್ತೀನಿ."

ಗಣಪತಿಗೆ ಸಂತೋಷವಾಯಿತು. ಆ ಸಲಿಗೆಯಲ್ಲೇ ಕೇಳಿಬಿಟ್ಟ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಒಂದೇ ಒಂದು ದಿನ. ಎರಡು ಗಂಟೆ ಬಂದು ಹೋದರೆ ಏನಾಗುತ್ತೆ? ನಮಗೂ ಅದು ದೊಡ್ಡ ದಿನ. ಬ್ರಿಟಿಷರ ಕಾನೂನು ತೆಗೆದು ನಮ್ಮದೇ ಸಂವಿಧಾನ ತಂದ ದಿನ."

"ಹಾಗಾದರೆ ನಿಮಗೆ ಬೇಗ ಅರ್ಥ ಆಗಬೇಕು ಅಂಕಲ್." ಅವಳ ಮಾತಿನಲ್ಲಿ ಕೋಪವಿರಲಿಲ್ಲ. ವೈರಿನ ತುದಿ ಸುಲಿಯುತ್ತಾ ಮೇಲಿನಿಂದಲೇ ಹೇಳತೊಡಗಿದಳು. "ನಮ್ಮ ನ್ಯಾನ್‌ನ ಹದಿನಾಲ್ಕನೇ ವಯಸ್ಸಿಗೆ ಒಂದು ದನದ ಫಾರಂಗೆ ಮನೆಗೆಲಸಕ್ಕೆ ಕಳಿಸಿದರು. ಕಳಿಸಿದ್ದು ಸರ್ಕಾರ. ಅಲ್ಲಿಂದ ಹೊರಗೆ ಕಾಲಿಡಬೇಕಾದರೂ ಅಧಿಕಾರಿಯ ಚೀಟಿ ಬೇಕಾಗಿತ್ತು. ಒಂದು ಶನಿವಾರ ಅವರಮ್ಮ ಸತ್ತ ಸುದ್ದಿ ಬಂತು. ಅಧಿಕಾರಿ ಊರಲ್ಲಿಲ್ಲ. ಸೋಮವಾರ ಜನವರಿ ಇಪ್ಪತ್ತಾರು, ರಜೆ, ಆಫೀಸಿಗೆ ಬೀಗ. ಫಾರಂನಲ್ಲಿ ಅವತ್ತು ಪಿಕ್‌ನಿಕ್. ಅಲ್ಲಿ ಅಮ್ಮನನ್ನ ಮಣ್ಣು ಮಾಡುವ ಹೊತ್ತಿಗೆ ಇಲ್ಲಿ ನ್ಯಾನ್ ಮೇಜಿನ ಬಟ್ಟೆ ಇಸ್ತ್ರಿ ಮಾಡಿ, ಕೇಕು ಕತ್ತರಿಸಿ ಕೊಡ್ತಾ ಇದ್ದರು. ಚೀಟಿ ಬಂದದ್ದು ಬುಧವಾರ."

ಗಣಪತಿ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಆಮೇಲೆ?"

"ಆಮೇಲೇನಿಲ್ಲ. ಆ ಸಣ್ಣ ಸ್ಕ್ರೂ ಕೊಡಿ."

ಐದೂ ಫ್ಯಾನ್ ಹಾಕಿ, ಉಪ್ಪಿಟ್ಟು ತಿಂದು, ಕೂಲಿಯ ಮಾತೆತ್ತಿದರೆ ತಲೆಯಾಡಿಸಿ, ಮಧ್ಯಾಹ್ನಕ್ಕೆ ಅವಳು ಹೊರಟುಹೋದಳು.

ರಾತ್ರಿಯ ಊಟಕ್ಕೆ ಕೂತಾಗ ಗಣಪತಿ ಆ ಕಥೆ ಹೇಳಬೇಕೆಂದುಕೊಂಡಿರಲಿಲ್ಲ. ಫ್ಯಾನ್ ಚೆನ್ನಾಗಿ ತಿರುಗುತ್ತದೆ ಎಂದು ಶುರು ಮಾಡಿದವನು ಚೀಟಿ ಬುಧವಾರ ಬಂತು ಎನ್ನುವಲ್ಲಿಗೆ ನಿಲ್ಲಿಸಿದ. ಶಿವಮ್ಮನವರು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಅಂದ್ರೆ ಅವತ್ತು ಆಯಮ್ಮನ ಅವ್ವನ ತಿಥಿ."

"ಹಾಗೇ ಅನ್ನು."

"ತಿಥಿ ಮನೆಯೋರ್ನ ಕರ್ದು ಹೋಳ್ಗೆ ಇಕ್ಕೀಯೇನ್ಲಾ?"

"ಅವ್ವಾ, ಅದು ಅವರ ಮನೆ ವಿಷಯ. ನಾವೇನು ಮಾಡಿದ್ವಿ ಅವರಿಗೆ? ನಾವೇ ಮೊನ್ನೆ ಬಂದೋರು."

ತನುಶ್ರೀ ತಟ್ಟೆಯಿಂದ ತಲೆಯೆತ್ತಿದಳು. "ಇಟ್ಸ್ ನಾಟ್ ಜಸ್ಟ್ ಹರ್ ನ್ಯಾನ್, ಅಪ್ಪ. ಅವರೆಲ್ಲರ ಮನೇಲೂ ಇಂಥದ್ದು ಒಂದೊಂದು ಇದೆ."

"ಇರಬಹುದು. ನಾನು ಹದಿನೆಂಟು ವರ್ಷ ಕಾದು ಮನೆ ತಗೊಂಡಿದೀನಿ. ಯಾರದ್ದೂ ಕಿತ್ಕೊಂಡಿಲ್ಲ."

"ನೀವು ಕಿತ್ಕೊಂಡ್ರಿ ಅಂತ ಯಾರ್ ಹೇಳಿದ್ರು? ಆ ಒಂದು ದಿನ ಪಾರ್ಟಿ ಬೇಡ ಅಷ್ಟೇ. ಮುನ್ನೂರ ಅರವತ್ತನಾಲ್ಕು ಇದ್ಯಲ್ಲ!"

"ಮುಹೂರ್ತ ಅಂಗಡೀಲಿ ಸಿಗುತ್ತೇನೇ? ನೂರಿಪ್ಪತ್ತು ಜನಕ್ಕೆ ಹೇಳಾಗಿದೆ. ಬನಶಂಕರಿ ಟಿಕೆಟ್ ದುಡ್ಡು ವಾಪಸ್ ಬರಲ್ಲ. ಊಟ ಅಡುಗೆಯೋರಿಗೆ ಒಪ್ಪಿಸಾಗಿದೆ. ಎಲ್ಲ ಬಿಟ್ಟು ಈಗ..." ಗಣಪತಿ ಮಾತು ಮುಗಿಸದೆ ಕೈ ತೊಳೆಯಲು ಎದ್ದ.

ರುಕ್ಮಿಣಿ ಅಷ್ಟು ಹೊತ್ತೂ ಸುಮ್ಮನೆ ಅನ್ನ ಕಲಸುತ್ತಿದ್ದವಳು ಈಗ ಹೇಳಿದಳು: "ನಾಳೆ ಆ ಹುಡುಗಿ ನಮ್ಮನೆ ಸೊಸೆ ಆದ್ರೆ, ಪ್ರತಿ ವರ್ಷ ಆ ದಿನ ಅವಳು ಒಂದು ಕಡೆ ಅಳ್ತಿರ್ತಾಳೆ, ನಾವು ಒಂದು ಕಡೆ ಗೃಹಪ್ರವೇಶದ ಫೋಟೋ ನೋಡ್ಕೊಂಡು ಕೂತಿರ್ತೀವಿ. ನಡುವೆ ಹರ್ಷ ಎಲ್ಲಿಗೆ ಹೋಗ್ತಾನೆ ರೀ?"



ಸೋಮವಾರ ಕೆಲಸದ ನಡುವೆ ರುಕ್ಮಿಣಿ ಪ್ರಶಾಂತ ಭಟ್ಟರಿಗೆ ಫೋನ್ ಮಾಡಿದಳು. ಸಂಜೆ ಗಂಡನ ಕಾಫಿ ಲೋಟದ ಪಕ್ಕ ಒಂದು ಚೀಟಿ ಇಟ್ಟಳು: ಫೆಬ್ರವರಿ ಮೂರು, ಶುಕ್ರವಾರ, ಬೆಳಗ್ಗೆ ಐದೂವರೆ.

"ಕೆಲಸದ ದಿನ. ಐದೂವರೆಗೆ ಯಾರು ಬರ್ತಾರೆ?"

"ಬರೋರು ಬರ್ತಾರೆ. ಅಡುಗೆಯೋರ್ನ ಬಿಡಿಸಿ. ಕಡಿಮೆ ಜನ ಆದ್ರೆ ನಾನೇ ಮಾಡ್ತೀನಿ."

ಚೀಟಿ ಎರಡು ದಿನ ಮೇಜಿನ ಮೇಲೇ ಇತ್ತು. ಒರೆಸುವಾಗ ರುಕ್ಮಿಣಿ ಅದನ್ನೆತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಮೂರನೆಯ ದಿನ ಗಣಪತಿ ಕನ್ನಡಕ ಹಾಕಿಕೊಂಡು ಕೂತು, ವಾಟ್ಸಾಪ್ ಗುಂಪಿಗೆ ಬರೆದ: "ಅನಿವಾರ್ಯ ಕಾರಣಗಳಿಂದ ನಮ್ಮ ಮನೆಯ ಗೃಹಪ್ರವೇಶವನ್ನು ಫೆಬ್ರವರಿ ಮೂರಕ್ಕೆ ಮುಂದೂಡಲಾಗಿದೆ."

ಐದು ನಿಮಿಷಕ್ಕೆ ಫೋನುಗಳು ಶುರುವಾದವು. ಏನಾಯಿತು, ಯಾರಿಗಾದರೂ ಹುಷಾರಿಲ್ಲವೇ, ಅಮ್ಮ ಚೆನ್ನಾಗಿದ್ದಾರಾ? ಗಣಪತಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. "ಮುಹೂರ್ತದಲ್ಲಿ ಏನೋ ದೋಷ ಇದೆಯಂತೆ." ತಂಗಿಗೂ ಹಾಗೇ ಹೇಳಿದ.

"ವಸಂತ ಪಂಚಮಿಗೆ ದೋಷನಾ?" ಬನಶಂಕರಿ ಅಡಿಲೇಡಿನಿಂದ ಕೂಗಿದಳು. "ಅಣ್ಣ, ನನಗೆ ಮತ್ತೆ ರಜೆ ಇಲ್ಲ, ಟಿಕೆಟ್ ಬದಲಾಯಿಸೋಕೂ ಆಗಲ್ಲ. ನಾನು ಆ ನಾಲ್ಕು ದಿನವೇ ಬರೋದು. ಬಂದು ಖಾಲಿ ಮನೆ ನೋಡ್ಕೊಂಡು ಹೋಗ್ತೀನಿ."

ಹರ್ಷ ಅದೇ ಸಂಜೆ ಮನೆಗೆ ಬಂದ. ತಂದೆಯ ಕೈ ಹಿಡಿದುಕೊಂಡ. ಆಮೇಲೆ ಫೋನ್ ತೆಗೆದು ಮೆಸೇಜ್ ತೋರಿಸಿದ. "ಥ್ಯಾಂಕ್ಸ್ ಅಪ್ಪ. ಆದರೆ ಇದೇನಿದು, ಅನಿವಾರ್ಯ ಕಾರಣ?"

"ದಿನ ಬದಲಾಯಿಸಿದೀನಲ್ಲಪ್ಪ. ಅದು ಸಾಲದಾ?"

"ಕಾರಣ ಹೇಳೋಕೆ ನಾಚಿಕೆ ಆಗೋ ಹಾಗಿದ್ರೆ ಅವಳಿಗೆ ಏನು ಅನ್ನಿಸುತ್ತೆ?"

"ಊರಿಗೆಲ್ಲ ನಮ್ಮನೆ ವಿಷಯ ಹೇಳ್ಕೊಂಡು ತಿರುಗಲಾ? ನಾಳೆ ನೀವಿಬ್ಬರೂ ಬೇರೆ ಬೇರೆ ದಾರಿ ಹಿಡಿದ್ರೆ?"

"ಹಿಡಿದ್ರೂ ಅವರ ಅಜ್ಜಿಗೆ ಆಗಿದ್ದು ಆಗಿದ್ದೇ ಅಲ್ವಾ?"

ರುಕ್ಮಿಣಿ ನಡುವೆ ಬಂದು ತಟ್ಟೆ ಹಾಕಿದಳು. ಅವತ್ತು ಮಗ ಊಟ ಮಾಡಿಕೊಂಡು ಹೋದ. ಅಷ್ಟಾದರೂ ಆಯಿತಲ್ಲ ಎಂದು ಅವಳು ಸಮಾಧಾನಪಟ್ಟುಕೊಂಡಳು.

ಬನಶಂಕರಿ ಬುಧವಾರ ಬಂದಿಳಿದಳು. ಬಂದವಳೇ ರಂಗೋಲಿ ಪುಡಿಯ ಪೊಟ್ಟಣವನ್ನು ಅತ್ತಿಗೆಯ ಕೈಗಿತ್ತು, "ತಗೋ, ನೀನೇ ಹಾಕ್ಕೋ" ಎಂದಳು. ಇಪ್ಪತ್ತಾರರ ಬೆಳಗ್ಗೆ ಹರ್ಷ ಬಂದು ತನುಶ್ರೀಯನ್ನು ಪಾರ್ಕಿಗೆ ಕರೆದುಕೊಂಡು ಹೋದ. ಗಣಪತಿ ಪ್ರತಿವರ್ಷದಂತೆ ರಿಪಬ್ಲಿಕ್ ಡೇ ಧ್ವಜಾರೋಹಣಕ್ಕೆ ಹೊರಟ. ಹೆಂಡತಿ, ತಂಗಿ ಜೊತೆಗೆ ಬಂದರು. ಸಮುದಾಯ ಭವನದ ಮುಂದೆ ನಲವತ್ತು ಐವತ್ತು ಜನ ಸೇರಿದ್ದರು. ಧ್ವಜ ಏರಿತು, ಜನಗಣಮನ ಆಯಿತು, ಪೇಪರ್ ತಟ್ಟೆಯಲ್ಲಿ ಇಡ್ಲಿ ವಡೆ ಬಂತು.

"ಇವತ್ತು ನಿಮ್ಮನೇಲಿ ಹೋಳಿಗೆ ಊಟ ಆಗ್ಬೇಕಿತ್ತು ಗಣಪತಿ. ಇಡ್ಲೀಲೇ ಮುಗಿಸಿಬಿಟ್ರಲ್ಲ," ಎಂದರು ಒಬ್ಬರು.

"ಮುಹೂರ್ತದಲ್ಲಿ ಸ್ವಲ್ಪ ದೋಷ ಇತ್ತು ಅಂತ..."

ಹಿಂದೆಯೇ ಚಟ್ನಿ ಹಾಕಿಸಿಕೊಳ್ಳುತ್ತಿದ್ದ ಪ್ರಶಾಂತ ಭಟ್ಟರು ತಿರುಗಿದರು. "ದೋಷನಾ? ನಾನು ಯಾವಾಗ ದೋಷ ಅಂದೆ? ಬಂಗಾರದಂಥ ಮುಹೂರ್ತ ಇತ್ತು. ನಿಮ್ಮ ಮನೆಯೋರೇ ಬೇರೆ ದಿನ ಕೇಳಿದ್ರಲ್ಲ!"

ಸುತ್ತ ನಾಲ್ಕೈದು ಜನ ತಿರುಗಿ ನೋಡಿದರು. ಬನಶಂಕರಿ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಗಣಪತಿ ಕೈಯಲ್ಲಿದ್ದ ತಟ್ಟೆಯನ್ನು ಪಕ್ಕದ ಕಟ್ಟೆಯ ಮೇಲಿಟ್ಟ.

"ಭಟ್ಟರದ್ದು ತಪ್ಪಿಲ್ಲ," ಎಂದ. "ಸುಳ್ಳು ಹೇಳಿದ್ದು ನಾನು. ಹರ್ಷ ಮದುವೆಯಾಗಬೇಕು ಅಂತಿರೋ ಹುಡುಗಿ ಅಬೊರಿಜಿನಲ್ ಮನೆಯವಳು. ಇವತ್ತು ಅವರಿಗೆ ದುಃಖದ ದಿನ. ಅವಳ ಅಜ್ಜಿಗೆ ಇದೇ ದಿನ ಹೆತ್ತ ತಾಯಿಯ ಮಣ್ಣಿಗೂ ಹೋಗೋಕೆ ಬಿಡಲಿಲ್ಲ. ನಮ್ಮವ್ವ ಕೇಳಿದಳು, ತಿಥಿ ಮನೆಯವರನ್ನ ಕರೆದು ಹೋಳಿಗೆ ಇಕ್ಕುತ್ತೀಯಾ ಅಂತ. ನನಗೆ ಉತ್ತರ ಗೊತ್ತಾಗಲಿಲ್ಲ. ಅದಕ್ಕೆ ದಿನ ಬದಲಾಯಿಸಿದ್ವಿ."

ಮೊದಲು ಕೇಳಿದವರು ಸಣ್ಣಗೆ ನಕ್ಕರು. "ಹಾಗೆ ನೋಡಿದ್ರೆ ವರ್ಷಪೂರ್ತಿ ಯಾರದ್ದೋ ಒಬ್ಬರ ತಿಥಿ ಇದ್ದೇ ಇರುತ್ತೆ ಗಣಪತಿ. ಎಷ್ಟಂತ ಬಿಡ್ತೀರಿ?"

"ಇರಬಹುದು ಸಾರ್. ನನಗೆ ಗೊತ್ತಾಗಿದ್ದು ಇದೊಂದು."

ಒಬ್ಬಾಕೆ ರುಕ್ಮಿಣಿಯ ಹತ್ತಿರ ಬಂದು, "ಮೂರನೇ ತಾರೀಕು ನಾನು ಕೆಲಸಕ್ಕೆ ಲೇಟಾಗಿ ಹೋಗ್ತೀನಿ, ಬೆಳಗ್ಗೆ ಬರ್ತೀನಿ" ಎಂದು ಕೈ ಅದುಮಿದಳು. ಇನ್ನಿಬ್ಬರು ಮಾತು ಮುಗಿಸಿ ಕಾರಿನ ಕಡೆ ನಡೆದರು.

ಮನೆಗೆ ಬರುವ ದಾರಿಯಲ್ಲಿ ಬನಶಂಕರಿ ಸಿಟ್ಟನ್ನೆಲ್ಲ ಹೊರಹಾಕಿದಳು. "ನನಗೂ ಸುಳ್ಳು ಹೇಳಿದೆಯಲ್ಲ ಅಣ್ಣ. ನಿಜ ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?"

"ಬೈತಿದ್ದೆ."

"ಬೈತಿದ್ದೆ. ಬೈದು ಸುಮ್ಮನಾಗ್ತಿದ್ದೆ. ಈಗ ಬೈಯೋದೂ ಇಲ್ಲ, ಗೃಹಪ್ರವೇಶನೂ ಇಲ್ಲ."

ಭಾನುವಾರ ಅವಳು ಹೊರಡುವಾಗಲೂ ಮುಖ ಪೂರ್ತಿ ತಿಳಿಯಾಗಿರಲಿಲ್ಲ. ಆದರೆ ಹೋಗುವ ಮೊದಲು ಹೊಸ ಮನೆಗೆ ಹೋಗಿ ಹೊಸಿಲು ತೊಳೆದು, ಎಲ್ಲಿಂದ ಎಲ್ಲಿಯವರೆಗೆ ರಂಗೋಲಿ ಬರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಳು.

ಫೆಬ್ರವರಿ ಮೂರರ ನಸುಕಿನಲ್ಲಿ ಮೂವತ್ತೈದು ಜನ ಬಂದರು. ಆಫೀಸಿನ ಬಟ್ಟೆಯಲ್ಲಿ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡವರೂ ಇದ್ದರು. ಕೈಲಾ ಹೋಮದ ಹೊಗೆಗೆ ಮನೆಯ ಆರೂ ಸ್ಮೋಕ್ ಅಲಾರಂ ಒಟ್ಟಿಗೆ ಕೂಗಿಕೊಳ್ಳದಂತೆ ಏಣಿ ಹತ್ತಿ ಎಲ್ಲಕ್ಕೂ ಪ್ಲಾಸ್ಟಿಕ್ ಟೋಪಿ ಹಾಕಿ ಬಂದಳು. ಅವಳ ಅಜ್ಜಿ ಆಂಟಿ ಡೋರೀನ್ ಹೂವಿನ ಗೌನು ತೊಟ್ಟು, ಮಂಡಿ ನೋವಿಗೆಂದು ದಿಂಬು ಹಿಡಿದು ಬಂದಿದ್ದರು. ಶಿವಮ್ಮನವರಷ್ಟೇ ವಯಸ್ಸು. ಹಿರಿಯರೆಂದು ಅವರ ಜನರೂ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದರು. ಕರೆಯಲು ರುಕ್ಮಿಣಿ ಬೇರೆ ಮಾತು ಕಲಿಯಬೇಕಾಗಲಿಲ್ಲ. ಶಿವಮ್ಮನವರು ತಮ್ಮ ಪಕ್ಕದ ಸೋಫಾ ತಟ್ಟಿ ಅವರನ್ನು ಕೂರಿಸಿಕೊಂಡರು. ಬನಶಂಕರಿ ಅಡಿಲೇಡಿನಿಂದ ಫೋನಿನ ವಿಡಿಯೋದಲ್ಲಿ ನೋಡುತ್ತಿದ್ದಳು. "ಎಡಗಡೆ ಎಳೆ ಸೊಟ್ಟ ಆಗಿದೆ ಅತ್ತಿಗೆ" ಎಂದು ಒಮ್ಮೆ ಕೇಳಿಸಿತು.

ಗಣಪತಿ, ರುಕ್ಮಿಣಿ ಮಣೆಯ ಮೇಲೆ ಕೂತರು. ಹರ್ಷ ಹಿಂದೆ ನಿಂತ. ಭಟ್ಟರು ಗಣಪತಿಯ ಕೈಗೆ ಅಕ್ಷತೆ ನೀರು ಹಾಕಿ ಸಂಕಲ್ಪ ಶುರು ಮಾಡಿದರು. ಯಾವ ಕಾಲದಲ್ಲಿ, ಯಾವ ನೆಲದಲ್ಲಿ ಕೂತು ಪೂಜೆ ಮಾಡುತ್ತಿದ್ದೇವೆಂದು ಮೊದಲು ಹೇಳಿಕೊಳ್ಳುವುದು ಕ್ರಮ.

"ಆಸ್ಟ್ರೇಲಿಯಾ ದೇಶೇ, ಬ್ರಿಸ್ಬೇನ್ ನಗರೇ... ಹೇಳಿ."

"ಆಸ್ಟ್ರೇಲಿಯಾ ದೇಶೇ..." ಗಣಪತಿ ತಡೆದ. "ಒಂದ್ನಿಮಿಷ ಭಟ್ರೇ. ಬ್ರಿಸ್ಬೇನ್ ಅಂದ್ರೆ ಹಿಂದಿನ ಒಬ್ಬ ಬ್ರಿಟಿಷ್ ಗವರ್ನರ್ ಹೆಸರಲ್ವಾ? ಅದಕ್ಕೆ ಮುಂಚೆ ಈ ನೆಲಕ್ಕೆ ಒಂದು ಹೆಸರಿರಬೇಕಲ್ಲ." ಸೋಫಾದ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ. "ಆಂಟಿ, ಈ ನೆಲ ಯಾರದ್ದು ಅಂತ ಹೇಳಬೇಕು? ನಿಮ್ಮವರ ಹೆಸರೇನು?"

ಆಂಟಿ ಡೋರೀನ್ ಗೊಗ್ಗರು ದನಿಯಲ್ಲಿ ನಕ್ಕರು. "ನಮ್ಮ ಹೆಸರು ಹೇಳಬೇಡಪ್ಪ. ನಾನೂ ಇಲ್ಲಿಯವಳಲ್ಲ. ನಮ್ಮ ಸೀಮೆ ಉತ್ತರಕ್ಕೆ, ನಾಲ್ಕು ಗಂಟೆಯ ದಾರಿ. ಇದು ಜಾಗೆರಾ ಜನರ ನೆಲ. ಐವತ್ತು ವರ್ಷದಿಂದ ನಾನು ಅವರ ಅತಿಥಿ."

ತನುಶ್ರೀ ಅಜ್ಜಿಯ ಕಿವಿಯಲ್ಲಿ ಅದನ್ನು ಕನ್ನಡಕ್ಕೆ ತಂದಳು. ಶಿವಮ್ಮನವರು ಎರಡು ಸಲ ಕೇಳಿಸಿಕೊಂಡರು. "ಜಾಗೆರಾ? ಜಾಗದೋರು ಜಾಗೆರಾ. ಸರ್ಯಾಗೇ ಅದೆ ಹೆಸ್ರು. ಮತ್ತೆ ಈಯಮ್ಮನೂ ನಮ್ಮಂಗೇ ಬಂದೋರಾ!" ಎಂದು ಅವರ ತೊಡೆ ತಟ್ಟಿದರು. ಅರ್ಥವಾಗದಿದ್ದರೂ ಡೋರೀನ್ ತಿರುಗಿ ಇವರ ತೊಡೆ ತಟ್ಟಿದರು.

ಭಟ್ಟರು ತುಟಿಯಲ್ಲೇ ಒಮ್ಮೆ ಹೇಳಿ ನೋಡಿದರು. "ಜಾಗೆರಾ ದೇಶೇ. ಚೆನ್ನಾಗೇ ಕೂರುತ್ತೆ. ಹೇಳಿ."

"ಜಾಗೆರಾ ದೇಶೇ," ಎಂದ ಗಣಪತಿ, ಹಿಂದೆ ನಿಂತವರಿಗೂ ಕೇಳುವ ಹಾಗೆ.

ಹೋಮ ಮುಗಿದು, ಹೊಸ ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ಏಳೂವರೆ. ಮುಕ್ಕಾಲು ಜನ ಕೇಸರಿಬಾತ್, ಪುಳಿಯೋಗರೆ ತಿಂದು ಕೆಲಸಕ್ಕೆ ಓಡಿದರು. ಕೈಲಾ ಅಲಾರಂಗಳ ಟೋಪಿ ತೆಗೆಯತೊಡಗಿದಳು; ಹರ್ಷ ಏಣಿ ಹಿಡಿದ. ಆಂಟಿ ಡೋರೀನ್ ಎರಡನೆಯ ಸಲ ಪುಳಿಯೋಗರೆ ಹಾಕಿಸಿಕೊಂಡು, ಮುಗಿಸಿ, ಎದ್ದರು. ಗಣಪತಿ ಅವರ ದಿಂಬು ಹಿಡಿದುಕೊಂಡು ಗೇಟಿನವರೆಗೆ ಬಂದ.

"ಆಂಟಿ, ಮುಂದಿನ ವರ್ಷ ಇಪ್ಪತ್ತಾರಕ್ಕೆ ನೀವು ಪಾರ್ಕಿನಲ್ಲಿ ಕೂರ್ತೀರಲ್ಲ. ಧ್ವಜ ಹಾರಿಸಿ ಆದ ಮೇಲೆ ನಾವೂ ಬಂದು ಕೂರಬಹುದಾ? ತೊಂದರೆ ಇಲ್ಲದಿದ್ದರೆ."

ಅವರು ಅವನ ಕೈಯಿಂದ ದಿಂಬು ಇಸಿದುಕೊಂಡರು. "ಬನ್ನಿ. ಕುರ್ಚಿ ಮಾತ್ರ ನೀವೇ ತನ್ನಿ, ಅಲ್ಲಿ ಸಾಕಾಗಲ್ಲ. ಆ ಹುಳಿ ಅನ್ನವನ್ನೂ ತನ್ನಿ."

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಗಣಪತಿ ಒಳಗೆ ಬಂದ. ರುಕ್ಮಿಣಿ ಒಲೆಯ ಮೇಲೆ ಚೆಲ್ಲಿದ ಹಾಲು ಒರೆಸುತ್ತಿದ್ದಳು.

"ಮಡಿಸೋ ಕುರ್ಚಿ ತಗೋಬೇಕು ಕಣೇ. ನಾವು ನಾಲ್ಕು, ಹರ್ಷ ಒಬ್ಬ. ಐದು ಸಾಕಲ್ವಾ?"

"ಆರು ತಗೊಳ್ಳಿ," ಎಂದಳು ರುಕ್ಮಿಣಿ. "ಮುಂದಿನ ಸಲ ಬನಶಂಕರಿಗೆ ಮೊದಲೇ ಹೇಳೋಣ."